ಸಮುದ್ರವಿಲ್ಲದ ಕೋಲಾರಕ್ಕೆ ಬಂದರಿನ ಚಿಂತೆ ಏಕೆ?

(ಕೋಲಾರದಲ್ಲಿ ವಿದ್ಯಾರ್ಥಿಗಳು ಹಾಗೂ ಹೆತ್ತವರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಬಂದರುಗಳ ಬಗ್ಗೆ, ಹಡಗುಗಳ ಹೊಗೆಯ ಬಗ್ಗೆ, ಸಮುದ್ರದ ಗಾಳಿಯಿಂದ ವಿದ್ಯುತ್ ತೆಗೆಯುವ ಬಗ್ಗೆ ಮಾತನಾಡಲು ಕೋಲಾರ ತಕ್ಕ ಜಾಗವೇ ಎಂದು ನಿಮಗೆ ಅನಿಸಿರಬಹುದು. ವರ್ಷವಿಡೀ ತುಂಬಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಿದು. ಕೆರೆ ಮತ್ತು ಕೊಳವೆಬಾವಿಗಳನ್ನು ನಂಬಿ ಬದುಕುವ ನಮಗೆ ಸಮುದ್ರದ ಉಸಾಬರಿ ಏಕೆ? ಇದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವುದೇ ಈ ಮಾತಿನ ಉದ್ದೇಶ.

ಹಡಗಿನ ಉಪಮೆ

ಸಮುದ್ರದಲ್ಲಿ ಚಲಿಸುವ ಹಡಗನ್ನು ಪವಿತ್ರ ಕುರ್‌ಆನ್ ಹಲವು ಕಡೆ ಅಲ್ಲಾಹನ ಕಾರುಣ್ಯದ ದೃಷ್ಟಾಂತವಾಗಿ ಸ್ಮರಿಸುತ್ತದೆ. ಪ್ರವಾದಿವರ್ಯರು(ಸ) ಸಮಾಜವನ್ನೇ ಒಂದು ಹಡಗಿಗೆ ಹೋಲಿಸಿದ ಹದೀಸ್ ಬುಖಾರಿಯಲ್ಲಿದೆ. ಅದರ ಸಾರ ನಿಮಗೆ ತಿಳಿದದ್ದೇ. ಒಂದು ಹಡಗಿನಲ್ಲಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಅಂತಸ್ತು ಸಿಕ್ಕಿತು. ಕೆಳಗಿನವರು ನೀರಿಗಾಗಿ ಪದೇಪದೇ ಮೇಲೆ ಹೋಗಬೇಕಿತ್ತು. ಮೇಲಿನವರಿಗೆ ತೊಂದರೆ ಕೊಡುವುದೇಕೆಂದು ಅವರು ತಮ್ಮ ಪಾಲಿನ ಜಾಗದಲ್ಲೇ ರಂಧ್ರ ಕೊರೆಯಲು ಯೋಚಿಸಿದರು. ಮೇಲಿನವರು ತಡೆದರೆ ಎಲ್ಲರೂ ಉಳಿಯುವರು. ಅದು ಅವರ ಜಾಗ, ನಮಗೇನು ಎಂದು ಸುಮ್ಮನಿದ್ದರೆ ಎಲ್ಲರೂ ಮುಳುಗುವರು.

ಇಂದಿನ ಜಗತ್ತು ಈ ಉಪಮೆಯನ್ನು ತಲೆಕೆಳಗು ಮಾಡಿದೆ. ಈಗ ರಂಧ್ರ ಕೊರೆಯುತ್ತಿರುವವರು ಮೇಲಂತಸ್ತಿನವರು. ನೀರು ಮೊದಲು ನುಗ್ಗುವುದು ಮಾತ್ರ ಕೆಳಗಿನವರ ಕೋಣೆಗೆ. ಮಾಲ್ದೀವ್ಸ್‌ನ ದ್ವೀಪವಾಸಿ, ಬಾಂಗ್ಲಾದೇಶದ ಕರಾವಳಿಯ ರೈತ, ಕೇರಳದ ಮೀನುಗಾರ ಈ ಕೆಳಅಂತಸ್ತಿನಲ್ಲಿದ್ದಾರೆ. ಮಳೆಗಾಗಿ ಆಕಾಶ ನೋಡುವ ಕೋಲಾರದ ರೈತನೂ ಅಲ್ಲಿಯೇ ಇದ್ದಾನೆ.

ಮಂಡಿಯಿಂದ ಬಂದರಿನವರೆಗೆ

ಕೋಲಾರಕ್ಕೂ ಸಮುದ್ರಕ್ಕೂ ನಂಟು ಇಂದಿನದಲ್ಲ. ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ ಮಂಗಳೂರಿನಲ್ಲಿ ನೌಕಾಪಡೆಯನ್ನು ಕಟ್ಟಿದನು. 1780ರಲ್ಲಿ ಇಂಗ್ಲಿಷರು ಮಂಗಳೂರಿಗೆ ಬಂದು ಆ ಹಡಗುಗಳನ್ನು ನಾಶಮಾಡಿದರು. ಟಿಪ್ಪು ಸುಲ್ತಾನನು ಮಸ್ಕತ್‌ನಲ್ಲಿ ವ್ಯಾಪಾರ ಕೋಠಿಯನ್ನು ನಡೆಸಿದನು, ಮಂಗಳೂರಿನಲ್ಲಿ ಹಡಗು ಕಟ್ಟಿಸಿದನು. ಒಳನಾಡಿನ ಸಂಪತ್ತಿಗೆ ಬಂದರೇ ಬಾಗಿಲೆಂಬುದನ್ನು ಅವರು ಅರಿತಿದ್ದರು.

ಇಂದಿನ ಮಾತಿಗೆ ಬರೋಣ. ಶ್ರೀನಿವಾಸಪುರದ ತೋತಾಪುರಿ ಮಾವು ಮಂಡಿಯಿಂದ ಹೊರಟು ಚಿತ್ತೂರು, ಕೃಷ್ಣಗಿರಿಯ ಕಾರ್ಖಾನೆಗಳಲ್ಲಿ ತಿರುಳಾಗಿ, ಡಬ್ಬಗಳಲ್ಲಿ ತುಂಬಿ, ಹಡಗು ಏರಿ ಅರಬ್ ನಾಡುಗಳಿಗೂ ಯುರೋಪಿಗೂ ಹೋಗುತ್ತದೆ. ನಮ್ಮ ಮನೆಗಳಿಗೆ ಬರುವ ಖರ್ಜೂರ, ಅಡುಗೆ ಎಣ್ಣೆ, ಹೊಲಕ್ಕೆ ಹಾಕುವ ಗೊಬ್ಬರ, ಲಾರಿಗೆ ತುಂಬುವ ಡೀಸೆಲ್‌ನ ಮೂಲವಾದ ಕಚ್ಚಾ ತೈಲ ಬರುವುದೂ ಹಡಗಿನಲ್ಲಿಯೇ. ಜಗತ್ತಿನ ಸರಕು ವ್ಯಾಪಾರದ ಸುಮಾರು ಶೇ. 80 ಭಾಗ ಸಮುದ್ರ ಮಾರ್ಗದಲ್ಲಿ ಸಾಗುತ್ತದೆ. ನಮಗೆ ಮಂಗಳೂರಿಗಿಂತ ಚೆನ್ನೈ ಬಂದರು ಹತ್ತಿರ. ಮಾಲೂರು, ಬಂಗಾರಪೇಟೆ, ಕೆ.ಜಿ.ಎಫ್. ಭಾಗದಲ್ಲಿ ಹಾದುಹೋಗುವ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗಿನ ಹಾದಿ 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆಯಿತು. ಬಂದರು ನಮ್ಮ ಮನೆಬಾಗಿಲಿಗೆ ಇನ್ನಷ್ಟು ಹತ್ತಿರ ಬರುತ್ತಿದೆ.

ಇದನ್ನೇ ಪೂರೈಕೆ ಸರಪಳಿ ಎನ್ನುತ್ತಾರೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುವುದೆಂಬುದನ್ನು ಶ್ರೀನಿವಾಸಪುರದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2025ರ ಜೂನ್ ತಿಂಗಳಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಗೆ ಬಾಗಿಲು ಮುಚ್ಚಿದಾಗ, ಕರ್ನಾಟಕದ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು. ದೂರದ ಕೊಂಡಿ ಸಡಿಲಗೊಂಡರೂ ಪರಿಣಾಮ ಅದೇ. ಗಾಝಾದ ಮೇಲಿನ ಯುದ್ಧದ ಬೆನ್ನಲ್ಲೇ, 2023ರ ನವೆಂಬರ್‌ನಿಂದ ಕೆಂಪು ಸಮುದ್ರದ ಮಾರ್ಗ ಅಸುರಕ್ಷಿತವಾಯಿತು. ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿ ಯುರೋಪಿಗೆ ಹೋಗಬೇಕಾಯಿತು. ಇಂಧನ ಹೆಚ್ಚು ಉರಿಯಿತು, ಬಾಡಿಗೆ ಏರಿತು. ಹೀಗೆ ಏರಿದ ಬಾಡಿಗೆಯು ಸರಪಳಿಯುದ್ದಕ್ಕೂ ಕೆಳಕ್ಕೆ ಜಾರುತ್ತಾ ಬರುತ್ತದೆ. ಚೌಕಾಸಿ ಮಾಡುವ ಶಕ್ತಿ ಇಲ್ಲದವನ ಹೆಗಲ ಮೇಲೆ ಅದು ನಿಲ್ಲುತ್ತದೆ.

ಹಡಗಿನ ಹೊಗೆ, ಕಡಲಿನ ಗಾಯ

ಹಡಗುಗಳು ಬಹುಕಾಲದಿಂದ ಉರಿಸುತ್ತಾ ಬಂದಿರುವುದು ಕಚ್ಚಾ ತೈಲವನ್ನು ಸಂಸ್ಕರಿಸಿದ ಮೇಲೆ ತಳದಲ್ಲಿ ಉಳಿಯುವ ದಪ್ಪ ಎಣ್ಣೆಯನ್ನು. ಅದರಲ್ಲಿ ಗಂಧಕದ ಅಂಶ ಹೆಚ್ಚು. ಅಂತಾರಾಷ್ಟ್ರೀಯ ಸಾಗರ ಸಂಘಟನೆಯು 2020ರ ಜನವರಿ 1ರಿಂದ ಗಂಧಕದ ಮಿತಿಯನ್ನು ಶೇ. 3.5ರಿಂದ 0.5ಕ್ಕೆ ಇಳಿಸಿತು. ಇದು ದೊಡ್ಡ ಸುಧಾರಣೆಯೇ. ಆದರೂ ನಮ್ಮ ಪೆಟ್ರೋಲ್ ಬಂಕಿನಲ್ಲಿ 2020ರಿಂದ ಸಿಗುತ್ತಿರುವ ಡೀಸೆಲ್‌ಗೆ ಇರುವ ಮಿತಿಯೊಂದಿಗೆ ಹೋಲಿಸಿದರೆ ಹಡಗಿಗೆ ಇಂದಿಗೂ 500 ಪಟ್ಟು ಹೆಚ್ಚು ಗಂಧಕಕ್ಕೆ ಅನುಮತಿಯಿದೆ. ಭೂಮಿಯನ್ನು ಬಿಸಿಮಾಡುವ ಅನಿಲಗಳಲ್ಲಿ ಸುಮಾರು ಶೇ. 3ರಷ್ಟು ಹಡಗುಗಳ ಪಾಲು.

2023ರ ಜುಲೈಯಲ್ಲಿ ಇದೇ ಸಂಘಟನೆಯ ಸದಸ್ಯ ರಾಷ್ಟ್ರಗಳು 2050ರ ಸುಮಾರಿಗೆ ಹಡಗುಗಳ ಮಾಲಿನ್ಯವನ್ನು ನಿವ್ವಳ ಶೂನ್ಯಕ್ಕೆ ತರಲು ಒಪ್ಪಿದವು. ಮಾಲಿನ್ಯಕ್ಕೆ ಬೆಲೆ ಕಟ್ಟುವ ನಿಯಮಾವಳಿಗೆ 2025ರ ಏಪ್ರಿಲ್‌ನಲ್ಲಿ ತಾತ್ವಿಕ ಸಮ್ಮತಿಯೂ ದೊರೆಯಿತು. ಆದರೆ ಅಕ್ಟೋಬರ್‌ನಲ್ಲಿ ಅಂತಿಮ ಅಂಗೀಕಾರದ ಹೊತ್ತಿಗೆ ಅಮೆರಿಕವು ಬೆದರಿಕೆಯ ಭಾಷೆಯನ್ನು ಬಳಸಿತು. ಒಂದು ವರ್ಷ ಮುಂದೂಡಬೇಕೆಂಬ ಸೂಚನೆಯನ್ನು ಸೌದಿ ಅರೇಬಿಯ ಮಂಡಿಸಿತು. 57 ಮತಗಳು ಪರವಾಗಿ, 49 ಮತಗಳು ವಿರುದ್ಧವಾಗಿ ಬಿದ್ದು ವಿಷಯ ಮುಂದಕ್ಕೆ ಹೋಯಿತು. ಎರಡು ಪವಿತ್ರ ಮಸೀದಿಗಳಿರುವ ನಾಡಿನ ಬಗ್ಗೆ ನಮಗೆ ಗೌರವವಿದೆ. ಆದರೆ ತೈಲದ ಲೆಕ್ಕಾಚಾರವನ್ನು ಇಸ್ಲಾಮಿನ ನಿಲುವೆಂದು ಯಾರೂ ಭಾವಿಸಬಾರದು. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಕಲಿಸಿದ ಪ್ರವಾದಿ(ಸ)ಯ ಅನುಯಾಯಿಗಳು ನಾವು.

ಇದು ಕಾಗದದ ಮೇಲಿನ ಚರ್ಚೆಯಲ್ಲ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯ ಸಮೀಪದ ಕಡಲಿನಲ್ಲಿ 640 ಕಂಟೇನರುಗಳೊಂದಿಗೆ ಮುಳುಗಿತು. ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು. ಹಡಗಿನ ಟ್ಯಾಂಕುಗಳಲ್ಲಿ ಸುಮಾರು 367 ಟನ್ ಫರ್ನೆಸ್ ಎಣ್ಣೆಯಿತ್ತು. ಪ್ಲಾಸ್ಟಿಕ್ ಕಾಳುಗಳು ಕೇರಳದ ತೀರಗಳಿಗೆ ತೇಲಿ ಬಂದವು. ಮೀನು ತಿನ್ನಲು ಜನ ಹೆದರಿದರು, ಬಲೆ ಬೀಸುವವರ ಒಲೆ ಆರಿತು. ಕೇರಳ ಸರಕಾರವು ಹೈಕೋರ್ಟಿನಲ್ಲಿ 9,531 ಕೋಟಿ ರೂ. ಪರಿಹಾರ ಕೇಳಿತು. ಈ ಘಟನೆ ನಡೆದು ಎರಡು ವಾರ ಕಳೆದ ಬೆನ್ನಲ್ಲೇ, ಜೂನ್ 9ರಂದು, ವಾನ್ ಹೈ 503 ಎಂಬ ಇನ್ನೊಂದು ಹಡಗು ಅದೇ ಕರಾವಳಿಯಾಚೆ ಹೊತ್ತಿ ಉರಿಯಿತು. ಲಾಭ ಯಾರದೋ, ನಷ್ಟ ಯಾರಿಗೋ!

ಬಂದರುಗಳ ಸಿದ್ಧತೆ

ಹಾಗಾದರೆ ಬಂದರುಗಳು ಮಾಡಬೇಕಾದುದೇನು? ಮುಖ್ಯವಾಗಿ ಮೂರು ಕೆಲಸಗಳಿವೆ.

ಒಂದನೆಯದು, ದಕ್ಕೆಯಲ್ಲಿ ನಿಂತ ಹಡಗಿಗೆ ದಡದಿಂದಲೇ ವಿದ್ಯುತ್ ಕೊಡುವುದು. ಹಡಗು ನಿಂತಿದ್ದರೂ ಅದರ ಯಂತ್ರ ನಿಲ್ಲುವುದಿಲ್ಲ. ದೀಪ, ಪಂಪು, ಹಣ್ಣು-ಮಾಂಸದ ಶೀತಲ ಪೆಟ್ಟಿಗೆಗಳಿಗಾಗಿ ಎಂಜಿನ್ ಉರಿಯುತ್ತಲೇ ಇರುತ್ತದೆ. ಅದರ ಹೊಗೆ ಬಂದರಿನ ಕೂಲಿಯ ಎದೆಗೂ ಸುತ್ತಲ ಬಡಾವಣೆಗಳಿಗೂ ಸೇರುತ್ತದೆ. ದಡದ ವಿದ್ಯುತ್ ದೊರೆತರೆ ಎಂಜಿನ್ ಆರಿಸಬಹುದು. ಕೇಂದ್ರ ಸರಕಾರವು 2023ರ ಮೇ ತಿಂಗಳಲ್ಲಿ ಹೊರಡಿಸಿದ ಹರಿತ್ ಸಾಗರ್ ಮಾರ್ಗಸೂಚಿಯು ಇದನ್ನು ಹೇಳುತ್ತದೆ. ಪ್ರತಿ ಟನ್ ಸರಕಿನ ಲೆಕ್ಕದಲ್ಲಿ ಇಂಗಾಲವನ್ನು 2030ಕ್ಕೆ ಶೇ. 30ರಷ್ಟು, 2047ಕ್ಕೆ ಶೇ. 70ರಷ್ಟು ತಗ್ಗಿಸುವ ಗುರಿ ಅದರಲ್ಲಿದೆ. ರಾಜ್ಯದ ಏಕೈಕ ಪ್ರಧಾನ ಬಂದರಾದ ನವಮಂಗಳೂರು ಬಂದರಿಗೂ ಇದು ಅನ್ವಯ. ಆದರೆ ದಡದ ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ, ಹೊಗೆಯ ವಿಳಾಸ ಬದಲಾಯಿತೇ ಹೊರತು ಹೊಗೆ ಹೋಗಲಿಲ್ಲ ಎಂಬುದನ್ನು ಮರೆಯಬಾರದು.

ಎರಡನೆಯದು, ಹೊಸ ಇಂಧನಗಳ ದಾಸ್ತಾನು. ಮೆಥನಾಲ್, ಅಮೋನಿಯಾ, ಹೈಡ್ರೋಜನ್ ಇತ್ಯಾದಿಗಳನ್ನು ಹಡಗುಗಳಿಗೆ ತುಂಬಲು ಟ್ಯಾಂಕು, ಕೊಳವೆ, ತರಬೇತಾದ ಸಿಬ್ಬಂದಿ ಬೇಕು. ಕಾಂಡ್ಲಾ, ಪಾರಾದೀಪ್, ತೂತ್ತುಕುಡಿ ಬಂದರುಗಳನ್ನು ಹಸಿರು ಹೈಡ್ರೋಜನ್ ಕೇಂದ್ರಗಳಾಗಿ ಬೆಳೆಸಲು ಸರಕಾರ ಆಯ್ದುಕೊಂಡಿದೆ. ಅಮೋನಿಯಾ ಉರಿದರೆ ಇಂಗಾಲ ಹೊರಬರುವುದಿಲ್ಲ, ನಿಜ. ಆದರೆ ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್‌ಗಳಲ್ಲಿ ದುಡಿದವರಿಗೆ ಅದು ಸೋರಿದರೆ ಕಣ್ಣು, ಉಸಿರಿನ ಗತಿ ಏನಾಗುವುದೆಂದು ಗೊತ್ತು. ಗಾಳಿಗೆ ಒಳ್ಳೆಯದಾದ ಇಂಧನ ಕಾರ್ಮಿಕನಿಗೆ ವಿಷವಾಗದಂತೆ ನೋಡಿಕೊಳ್ಳುವುದೂ ಸಿದ್ಧತೆಯ ಭಾಗ.

ಮೂರನೆಯದು, ಕಡಲ ಗಾಳಿಯಿಂದ ವಿದ್ಯುತ್. ಡೆನ್ಮಾರ್ಕ್ 1991ರಲ್ಲಿ ವಿಂಡೆಬಿ ಎಂಬಲ್ಲಿ 11 ಗಾಳಿಯಂತ್ರಗಳನ್ನು ಕಡಲಿನಲ್ಲಿ ನಿಲ್ಲಿಸಿ ಜಗತ್ತಿಗೆ ದಾರಿ ತೋರಿಸಿತು. ಇಂದಿನ ಯಂತ್ರಗಳ ರೆಕ್ಕೆಗಳು ನೂರು ಮೀಟರಿಗಿಂತ ಉದ್ದ. ಅವನ್ನು ನಮ್ಮ ರಸ್ತೆಗಳ ತಿರುವಿನಲ್ಲಿ ಒಯ್ಯುವುದು ಅಸಾಧ್ಯವೆನ್ನಬಹುದು. ಆದ್ದರಿಂದ ಅವು ಬಂದರಿನ ಅಂಗಳದಲ್ಲಿಯೇ ಜೋಡಣೆಗೊಂಡು ನೇರವಾಗಿ ಹಡಗು ಏರಬೇಕು. ಅದಕ್ಕೆ ವಿಶಾಲವಾದ ಅಂಗಳ, ಭಾರ ತಡೆಯುವ ದಕ್ಕೆ, ಎತ್ತರದ ಕ್ರೇನುಗಳು ಬೇಕು. ಡೆನ್ಮಾರ್ಕಿನ ಎಸ್ಬ್ಯೆರ್ ಎಂಬ ಮೀನುಗಾರಿಕೆಯ ಬಂದರು ಹೀಗೆ ಸಿದ್ಧಗೊಂಡು ಗಾಳಿವಿದ್ಯುತ್ತಿನ ಬಂದರಾಯಿತು. ನಮ್ಮಲ್ಲಿ ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ 500 ಮೆಗಾವ್ಯಾಟ್ ಯೋಜನೆಗಳಿಗಾಗಿ 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂ. ಯೋಜನೆಯನ್ನು ಒಪ್ಪಿತು. ಅದರಲ್ಲಿ 600 ಕೋಟಿ ರೂ. ಎರಡು ಬಂದರುಗಳ ಸಿದ್ಧತೆಗೆ ಮೀಸಲು. ಕಡಲ ಗಾಳಿಯ ಬಗ್ಗೆ ದೇಶದ ನೀತಿ ಬಂದದ್ದು 2015ರಲ್ಲಿ. ಹತ್ತು ವರ್ಷ ಕಳೆದರೂ ಕೆಲಸದ ವೇಗ ಮಾತಿನ ವೇಗಕ್ಕೆ ಸಮನಾಗಿಲ್ಲ.

ಕೋಲಾರ ಕಲಿಸುವ ಪಾಠ

ಇಂಧನ ಬದಲಾದಾಗ ಏನಾಗುತ್ತದೆಂಬುದಕ್ಕೆ ನಾವು ಡೆನ್ಮಾರ್ಕಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಇತಿಹಾಸವೇ ಸಾಕು.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 148 ಕಿ.ಮೀ. ದೂರ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಬಂತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾಗಿ ಮೂರು ವರ್ಷಗಳ ಮೇಲೆ, 1905ರಲ್ಲಿ. ಹಬೆಯಂತ್ರಗಳಿಗೆ ಸೌದೆ, ಕಲ್ಲಿದ್ದಲು ಸುಡುತ್ತಿದ್ದ ಗಣಿಗೆ ಹೊಗೆಯಿಲ್ಲದ ಶಕ್ತಿ ದೊರೆಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಹಸಿರು ಇಂಧನ ಈ ದೇಶದಲ್ಲಿ ಮೊದಲು ಕಾಲಿಟ್ಟ ಜಾಗಗಳಲ್ಲಿ ಕೋಲಾರವೂ ಒಂದು.

ಆದರೆ ಗಣಿಯ ಆಳದಲ್ಲಿದ್ದವನ ಬದುಕು ಹಸನಾಯಿತೇ? ಕಲ್ಲಿನ ಧೂಳು ಅವನ ಶ್ವಾಸಕೋಶವನ್ನು ತಿಂದಿತು. ಚಿನ್ನ ಸಮುದ್ರ ದಾಟಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಸಯನೈಡ್ ಮಣ್ಣಿನ ಗುಡ್ಡಗಳು ಊರಿಗೆ ಉಳಿದವು. ಅವುಗಳ ಧೂಳು ಗಾಳಿಯ ದಿನಗಳಲ್ಲಿ ಇಂದಿಗೂ ಮನೆಗಳಿಗೆ ನುಗ್ಗುತ್ತದೆ. ಮುಂದಿನ ಬದುಕಿಗೆ ಯಾವ ಸಿದ್ಧತೆಯೂ ಇಲ್ಲದ ಕುಟುಂಬಗಳ ಮಕ್ಕಳು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವವರಾದರು. ಸ್ವಚ್ಛವಾದ ವಿದ್ಯುತ್ ತಾನಾಗಿಯೇ ನ್ಯಾಯವನ್ನು ತರುವುದಿಲ್ಲ. ನ್ಯಾಯವನ್ನು ಮನುಷ್ಯರೇ ಕೇಳಿ ಪಡೆಯಬೇಕು, ಕೇಳುವ ಅರ್ಹತೆಯನ್ನೂ ಗಳಿಸಬೇಕು. ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಹಸಿರಿನ ಹೆಸರಿನಲ್ಲಿ

ಬಂದರು ಅಭಿವೃದ್ಧಿಯ ಹೆಸರಿನಲ್ಲಿ ನಮ್ಮದೇ ಕರಾವಳಿಯಲ್ಲಿ ನಡೆಯುತ್ತಿರುವುದನ್ನು ನೋಡಿ. ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರು ಯೋಜನೆಗಳ ವಿರುದ್ಧ ಮೀನುಗಾರ ಕುಟುಂಬಗಳು ಬೀದಿಗಿಳಿದಿವೆ. ಅವರನ್ನು ಅಭಿವೃದ್ಧಿ ವಿರೋಧಿಗಳೆಂದು ಜರೆಯುವುದು ಸುಲಭ. ದೋಣಿ ಎಳೆಯುವ ಮರಳು, ಮೀನು ಒಣಗಿಸುವ ತೀರ, ಅಜ್ಜಂದಿರ ಕಾಲದ ಮನೆ ಹೋದರೆ ಅವರು ಹೋಗುವುದೆಲ್ಲಿಗೆ ಎಂಬುದಕ್ಕೆ ಉತ್ತರ ಕೊಡುವವರಿಲ್ಲ. ಹೊಸ ಬಂದರು ಸೌರಫಲಕ ಹಾಕಿಕೊಂಡ ಮಾತ್ರಕ್ಕೆ ಈ ಪ್ರಶ್ನೆ ಮುಗಿಯುವುದಿಲ್ಲ.

ಹಳೆಯ ಹಡಗುಗಳ ಕತೆಯೂ ಇದೆ. ಶ್ರೀಮಂತ ನಾಡುಗಳು ಹೊಸ ಇಂಧನದ ಹಡಗುಗಳನ್ನು ಇಳಿಸಿದಂತೆಲ್ಲ ಹಳೆಯವು ಒಡೆಯಲು ಗುಜರಾತಿನ ಅಲಂಗ್‌ಗೆ, ಬಾಂಗ್ಲಾದ ಚಿತ್ತಗಾಂಗ್‌ಗೆ ಬರುತ್ತವೆ. ಕಲ್ನಾರು, ಎಣ್ಣೆಯ ಕೆಸರು, ಬೆಂಕಿಯ ನಡುವೆ ಅವನ್ನು ಒಡೆಯುವವರು ಬಡ ವಲಸೆ ಕಾರ್ಮಿಕರು. ಅವರ ರಕ್ಷಣೆಗೆಂದು 2009ರಲ್ಲಿ ರಚಿತವಾದ ಹಾಂಗ್‌ಕಾಂಗ್ ಒಪ್ಪಂದ ಜಾರಿಗೆ ಬರಲು 2025ರ ಜೂನ್ 26ರವರೆಗೆ ಕಾಯಬೇಕಾಯಿತು. ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಕಲಿಸಿದ ಧರ್ಮದವರು ನಾವು. ಅವನ ಪ್ರಾಣದ ರಕ್ಷಣೆಗೆ ಹದಿನಾರು ವರ್ಷ ಕಾಯಿಸಿದ್ದನ್ನು ನಾವು ಸಹಜವೆಂದು ಒಪ್ಪಲಾಗದು.

ಇನ್ನು ಸಮುದಾಯದ ಮಾತು. 2006ರ ಸಾಚಾರ್ ವರದಿಯು ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರು ಶಾಲೆಗೆ ಸೇರಿಯೇ ಇಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆಂದು ಹೇಳಿತ್ತು. ಆ ಗಾಯಕ್ಕೆ ಮುಲಾಮು ಹಚ್ಚಬೇಕಾದ ಕೇಂದ್ರ ಸರಕಾರ 2022ರಲ್ಲಿ ಅಲ್ಪಸಂಖ್ಯಾತರ ಎಂಟನೆಯ ತರಗತಿವರೆಗಿನ ವಿದ್ಯಾರ್ಥಿವೇತನವನ್ನೂ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ನಿಲ್ಲಿಸಿತು. ಒಂದೆಡೆ ಹಸಿರು ಉದ್ಯೋಗಗಳ ಭರವಸೆ, ಇನ್ನೊಂದೆಡೆ ಆ ಉದ್ಯೋಗಕ್ಕೆ ಏರುವ ಮೆಟ್ಟಿಲನ್ನೇ ತೆಗೆಯುವುದು. ಇದನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಸರಕಾರವನ್ನು ದೂರಿ ಮಗನನ್ನು ಒಂಬತ್ತನೆಯ ತರಗತಿಗೇ ಗ್ಯಾರೇಜಿಗೆ ಕಳುಹಿಸಿದರೆ ತಪ್ಪಿನಲ್ಲಿ ನಾವೂ ಪಾಲುದಾರರು.

ನಾವು ಮಾಡಬೇಕಾದುದು

ಮೊದಲನೆಯದಾಗಿ, ಹೆತ್ತವರು ಮಕ್ಕಳನ್ನು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಬಾರದು. ಹೊಸ ಬಂದರುಗಳಿಗೆ ಬೇಕಾದವರು ವೆಲ್ಡರ್, ಎಲೆಕ್ಟ್ರಿಷಿಯನ್, ಶೀತಲೀಕರಣ ಯಂತ್ರದ ಮೆಕ್ಯಾನಿಕ್, ಕ್ರೇನ್ ನಡೆಸುವವರು, ಬ್ಯಾಟರಿ ಬಲ್ಲವರು. ನಮ್ಮ ಹುಡುಗರ ಕೈಯಲ್ಲಿ ಕಸುಬು ಇದೆ, ಪ್ರಮಾಣಪತ್ರ ಇಲ್ಲ. ಐಟಿಐ, ಡಿಪ್ಲೊಮಾಗಳಿಂದ ಆ ಕೊರತೆ ನೀಗುತ್ತದೆ. ಸರಕು ಸಾಗಣೆಯ ಯೋಜನೆ, ಸುಂಕದ ದಾಖಲೆ, ಪರಿಸರ ಪರೀಕ್ಷೆಯ ಕೆಲಸಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೂ ಅವಕಾಶವಿದೆ. ಅವರನ್ನು ಓದಿಸಿ ಮನೆಯಲ್ಲಿ ಕೂರಿಸುವುದು ಅಲ್ಲಾಹನು ಕೊಟ್ಟ ಬುದ್ಧಿಗೆ ಬೀಗ ಹಾಕಿದಂತೆ. 1964ರಲ್ಲಿ ಸ್ಥಾಪನೆಯಾದ ಬೆಮೆಲ್‌ನ ದೊಡ್ಡ ಕಾರ್ಖಾನೆ ನಮ್ಮ ಕೆ.ಜಿ.ಎಫ್.ನಲ್ಲಿಯೇ ಇದೆ. ಬಂದರಿನ ಕ್ರೇನುಗಳ ತಯಾರಿಕೆಗಾಗಿ ಆ ಸಂಸ್ಥೆ 2025ರಲ್ಲಿ ಕೊರಿಯಾದ ಹಡಗು ಉದ್ಯಮದೊಂದಿಗೆ ಒಡಂಬಡಿಕೆ ಮಾಡಿಕೊಂಡಿದೆ. ಆ ಕೆಲಸದಲ್ಲಿ ಒಂದು ಪಾಲಾದರೂ ಈ ಜಿಲ್ಲೆಗೆ ಬರಲೆಂದು ಪಕ್ಷಭೇದವಿಲ್ಲದೆ ನಮ್ಮ ಶಾಸಕರು, ಸಂಸದರ ಮುಂದೆ ಬೇಡಿಕೆ ಇಡೋಣ.

ಎರಡನೆಯದಾಗಿ, ಹಡಗಿನ ಕೆಲಸ ಕೊಡಿಸುತ್ತೇವೆಂದು ಲಕ್ಷಗಟ್ಟಲೆ ಕೇಳುವ ದಲ್ಲಾಳಿಗಳ ಬಗ್ಗೆ ಎಚ್ಚರವಿರಲಿ. ನಾವಿಕರನ್ನು ನೇಮಿಸುವ ಸಂಸ್ಥೆಗೆ ಹಡಗು ಸಾರಿಗೆ ಮಹಾನಿರ್ದೇಶನಾಲಯದ ಪರವಾನಗಿ ಇರಬೇಕು. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಶುಲ್ಕ ಪಡೆಯುವುದು ಅಂತಾರಾಷ್ಟ್ರೀಯ ನಿಯಮಕ್ಕೆ ವಿರುದ್ಧ. ತಾಯಿಯ ಒಡವೆ ಅಡವಿಡುವ ಮುನ್ನ ಈ ಎರಡು ಮಾತುಗಳನ್ನು ನೆನಪಿಡಿ.

ಮೂರನೆಯದಾಗಿ, ಜಮಾಅತ್‌ಗಳು ಮತ್ತು ಬೈತುಲ್‌ಮಾಲ್‌ಗಳು ತಮ್ಮ ಲೆಕ್ಕದ ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಲಿ. ಝಕಾತ್‌ಗೆ ಅರ್ಹನಾದ ಬಡ ವಿದ್ಯಾರ್ಥಿಯ ತರಬೇತಿ ಶುಲ್ಕವನ್ನು ಭರಿಸಿದರೆ ಐದು ವರ್ಷಗಳಲ್ಲಿ ಆತನೇ ಝಕಾತ್ ಕೊಡುವವನಾಗಬಹುದು. ಮಾವು, ಟೊಮೆಟೊ ವ್ಯಾಪಾರಿಗಳು ಬಡ್ಡಿಯ ಸಾಲಕ್ಕೆ ಬೀಳುವ ಬದಲು ಒಟ್ಟಾಗಿ ಸಹಕಾರಿ ಶೀತಲಗೃಹಗಳನ್ನು ಕಟ್ಟಲಿ. ಯುರೋಪಿನ ಬಂದರು ಸೇರುವ ದೊಡ್ಡ ಹಡಗುಗಳು 2024ರಿಂದ ತಾವು ಉಗುಳುವ ಇಂಗಾಲಕ್ಕೆ ಬೆಲೆ ತೆರುತ್ತಿವೆ. ನಾಳೆ ಸರಕು ಕೊಳ್ಳುವವರು ಅದು ಯಾವ ಹೊಲದ್ದು, ಹೇಗೆ ಬಂತು ಎಂದೂ ಕೇಳಿಯಾರು. ಪ್ರಾಮಾಣಿಕವಾದ ಲೆಕ್ಕ ಇಟ್ಟವನು ಅಂದು ಉಳಿಯುವನು. ತೂಕ ಮತ್ತು ಅಳತೆಯಲ್ಲಿ ಪ್ರಾಮಾಣಿಕತೆಯೇ ಮುಸ್ಲಿಮ್ ವ್ಯಾಪಾರಿಯ ಗುರುತಾಗಿತ್ತು ಎಂಬುದನ್ನು ನೆನಪಿಸಬೇಕೇ?

ಕೊನೆಯದಾಗಿ, ನಮ್ಮ ಮನೆಯಂಗಳ. ಮಾಲೂರಿನ ಕಡೆಯ ದಕ್ಷಿಣ ಪಿನಾಕಿನಿ, ಬೇತಮಂಗಲದ ಪಾಲಾರ್ ಎರಡೂ ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಯನ್ನು ಸೇರುವ ನದಿಗಳು. ವಲೀಮಾದ ಮರುದಿನ ಶಾದಿಮಹಲಿನ ಹಿಂದಿನ ಚರಂಡಿಗೆ ಸುರಿದ ಪ್ಲಾಸ್ಟಿಕ್ ಲೋಟಗಳು ಒಂದು ಒಳ್ಳೆಯ ಮಳೆಗೆ ಹೊರಡುತ್ತವೆ. ಅವು ಕೊನೆಗೆ ತಲಪುವುದು ಸಮುದ್ರಕ್ಕೇ. ಸಮುದ್ರವಿಲ್ಲದ ಊರಿನವರೂ ಸಮುದ್ರವನ್ನು ಕೆಡಿಸಬಲ್ಲರು. ಹಾಗಾದರೆ ಅದನ್ನು ಕಾಯುವ ಹೊಣೆಯೂ ನಮಗಿದೆ.

ಭೂಮಿ, ಕಡಲು, ಗಾಳಿ ಇವು ನಮ್ಮ ಸ್ವತ್ತಲ್ಲ, ಅಮಾನತ್ತು. ನಾಳೆ ಪರಲೋಕದಲ್ಲಿ ಇವುಗಳ ಲೆಕ್ಕ ಕೇಳಲಾಗುವುದು. ಹಡಗಿನ ಯಾವ ಅಂತಸ್ತಿನಲ್ಲಿದ್ದರೂ ರಂಧ್ರ ಕೊರೆಯುವ ಕೈಯನ್ನು ತಡೆಯುವ ಧೈರ್ಯವನ್ನೂ, ಹೊಸ ಹಡಗನ್ನು ನಡೆಸುವ ಜ್ಞಾನವನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.